ಮಾಳಿಗೆಯ ಪದಕ್ಕೆ ಎರಡು ಚಿತ್ರ

ಒಂದೇ ಹಾಡು, ಒಂದೇ ಕಂಠ, ಹಾಡನ್ನು ಚಿತ್ರಿಸಿದ ಗುಂಪೂ ಒಂದೇ. ಚಿತ್ರ ಮಾತ್ರ ಎರಡು. ವಿಮರ್ಶೆ ಬರೆಯುವವನಿಗೆ ಇಂಥ ಅನುಕೂಲ ಆಗಾಗ ಒದಗುವುದಿಲ್ಲ. ರಾಜಾಜಿನಗರದಲ್ಲಿ ನಮ್ಮ ಮನೆಗೆ ಎರಡು ಅಡ್ಡರಸ್ತೆ ಆಚೆ ಇರುವ ಒಬ್ಬ ವಿದ್ಯಾರ್ಥಿಯೂ, ವಿಜಯನಗರ ಕೆಂಗೇರಿಗಳ ಕಡೆಯ ಅವನ ನಾಲ್ವರು ಸಹಪಾಠಿಗಳೂ ಸೇರಿ ಶಿಶುನಾಳ ಶರೀಫರ ಸೋರುವ ಮಾಳಿಗೆಯ ಪದವನ್ನು ಎರಡು ಸಲ ಚಿತ್ರಿಸಿದ್ದಾರೆ. ಮೊದಲನೆಯದು ಸೋತಿದೆ. ಎರಡನೆಯದು ಬಹುಮಟ್ಟಿಗೆ ಗೆದ್ದಿದೆ. ಹುಡುಗರ ಉತ್ಸಾಹದ ಕೆಲಸಕ್ಕೆ ಇಷ್ಟು ಗಂಭೀರವಾದ ವಿಚಾರಣೆ ಬೇಕೇ ಎಂದು ಕೇಳುವವರು ಇದ್ದಾರು. ಬೇಕೆಂದೇ ನನ್ನ ಅಭಿಪ್ರಾಯ. ನಮ್ಮ ತತ್ತ್ವಪದಗಳೂ ಭಾವಗೀತೆಗಳೂ ಇಂದು ಎಳೆಯರನ್ನು ಮುಟ್ಟುತ್ತಿರುವುದು ಹೆಚ್ಚಾಗಿ ಪುಸ್ತಕದಿಂದಲ್ಲ, ಅಂಗೈಯಗಲದ ಫೋನಿನ ತೆರೆಯಿಂದ. ಅಲ್ಲಿ ಕಂಡ ಚಿತ್ರವೇ ಆ ಹಾಡಿನ ಅರ್ಥವೆಂದು ಅವರ ಮನಸ್ಸಿನಲ್ಲಿ ಕೂತುಬಿಡುತ್ತದೆ. ಹುಡುಗರು ಇದನ್ನು 'ಆಲ್ಬಂ ಸಾಂಗ್' ಎನ್ನುತ್ತಾರೆ. ಆಲ್ಬಂ ಎಲ್ಲಿದೆ ಎಂದು ಕೇಳಿದರೆ ನಗುತ್ತಾರೆ. ನಾನು ಗೀತಚಿತ್ರ ಎಂದು ಕರೆಯುತ್ತೇನೆ.

ಹಾಡಿನ ಆಯ್ಕೆಯಲ್ಲಿ ಅವರು ಜಾಣರೇ. 1957ರ ಕೃತಿಸ್ವಾಮ್ಯದ ಕಾಯಿದೆ, ಅನಂತರದ ತಿದ್ದುಪಡಿಯೂ ಸೇರಿ, ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಅವನ ಕೃತಿಗೆ ಕಾವಲು ನಿಲ್ಲುತ್ತದೆ. 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಪದ್ಯಗಳಿಗೆ 2041ರ ಕೊನೆಯವರೆಗೆ, 1994ರಲ್ಲಿ ಅಗಲಿದ ಕುವೆಂಪು ಅವರ ಪದ್ಯಗಳಿಗೆ 2054ರ ಕೊನೆಯವರೆಗೆ ಅನುಮತಿ ಬೇಕು. ಕಾಲೇಜಿನ ಸಭೆಯಲ್ಲಿ ಹಾಡಿ ಮುಗಿಸುವುದು ಬೇರೆ, ಚಿತ್ರ ಮಾಡಿ ಲೋಕದ ಮುಂದೆ ಇಡುವುದು ಬೇರೆ. ಇದನ್ನು ಎಷ್ಟೋ ವಿದ್ಯಾರ್ಥಿಗಳು ತಿಳಿಯರು. 1819ರಿಂದ 1889ರವರೆಗೆ ಬಾಳಿದ ಶರೀಫರ ಪದಗಳಾದರೋ ಊರ ಬಾವಿಯಂತೆ. ಯಾರು ಬೇಕಾದರೂ ಸೇದಬಹುದು. ಧಾಟಿಯ ಮಾತು ಮಾತ್ರ ಹಾಗಲ್ಲ. ಈ ಪದವೆಂದರೆ ನಮ್ಮೆಲ್ಲರ ಕಿವಿಯಲ್ಲಿ ಮೊಳಗುವುದು ಸಿ. ಅಶ್ವತ್ಥ್ ಅವರ ಧಾಟಿ, ಅವರದೇ ಗಂಟಲು. ಹುಡುಗರು ಅದನ್ನು ಮುಟ್ಟದೆ, ಗುಂಪಿನ ಒಬ್ಬ ಹುಡುಗಿ ಕಟ್ಟಿದ ಹೊಸ ಧಾಟಿಯಲ್ಲಿ, ಒಂದು ತಂಬೂರಿ ಒಂದು ದಮ್ಮಡಿ ಇಟ್ಟುಕೊಂಡು ಹಾಡಿಸಿದ್ದಾರೆ. ಧಾಟಿ ಅಸಾಧಾರಣವೆನ್ನಲಾರೆ. ಆದರೆ ಅದರಲ್ಲಿ ಅಬ್ಬರವಿಲ್ಲ. ನುಡಿ ನುಡಿಗೂ ನಡುವೆ ಉಸಿರಾಡುವಷ್ಟು ಬಿಡುವಿದೆ.

ಮೊದಲನೆಯ ಚಿತ್ರಕ್ಕಾಗಿ ಅವರು ಬಾಡಿಗೆಗೆ ಕ್ಯಾಮೆರಾ ತಂದು, ಬಾಡಿಗೆಯ ಕಾರಿನಲ್ಲಿ ಚಿಕ್ಕಮಗಳೂರಿನ ಕಡೆಗೆ ಹೋದರು. ಮಳೆಗಾಲ. ಬೆಟ್ಟ, ಮಂಜು, ಕಾಫಿ ತೋಟ, ಪಾಳುಬಿದ್ದ ಒಂದು ಹಂಚಿನ ಮನೆ. ಪದದಲ್ಲಿ ಸೋರುವ ಮಾತು ಬಂದರೆ ತೆರೆಯ ಮೇಲೆ ಹನಿ ಬೀಳುತ್ತದೆ. ಮನೆಯೆಂದರೆ ಮನೆ. ಅಜ್ಞಾನವೆಂಬ ಮಾತಿಗೆ ಏನು ತೋರಿಸುವುದೆಂದು ತಿಳಿಯದೆ ಕಣ್ಣು ಮುಚ್ಚಿ ಕೂತ ಒಬ್ಬ ಹುಡುಗನನ್ನು ತೋರಿಸಿದ್ದಾರೆ. 'ಆ' ಎಂದರೆ ಆನೆ, 'ಇ' ಎಂದರೆ ಇಲಿ ಎಂದು ಅಕ್ಷರದ ಪಕ್ಕದಲ್ಲಿ ಬೊಂಬೆ ಬರೆದಿರುವ ಒಂದನೆಯ ತರಗತಿಯ ಪುಸ್ತಕ ಇದಕ್ಕಿಂತ ಭಿನ್ನವಲ್ಲ. ಕಿವಿ ಈಗಾಗಲೇ ಕೇಳಿದ್ದನ್ನು ಕಣ್ಣು ಮತ್ತೊಮ್ಮೆ ಒಪ್ಪಿಸಿದರೆ ಹಾಡಿಗೆ ಬಂದ ಲಾಭವೇನು? ಮಾತು ಆಡದೆ ಉಳಿಸಿದ್ದರಲ್ಲಿ ಧ್ವನಿ ಇದೆ ಎಂದು ನಮ್ಮ ಅಲಂಕಾರಶಾಸ್ತ್ರ ಸಾರಿ ಸಾರಿ ಹೇಳಿತು. ಕ್ಯಾಮೆರಾಕ್ಕೂ ಆ ಮಾತು ಸಲ್ಲುತ್ತದೆ.

ಹಾಡುವ ಹುಡುಗಿ ಮಳೆಯಲ್ಲಿ ನಿಧಾನವಾಗಿ ನಡೆದು ಬರುವ ಭಾಗವೊಂದಿದೆ. ಅದನ್ನು ಸೆಕೆಂಡಿಗೆ 48 ಚೌಕಗಳಂತೆ ತೆಗೆದು 24ರಂತೆ ತೋರಿಸಿದ್ದಾರೆ. ಹಾಗೆ ಮಾಡುವಾಗ ಚಿತ್ರೀಕರಣದ ಜಾಗದಲ್ಲಿ ಹಾಡನ್ನು ಇಮ್ಮಡಿ ವೇಗದಲ್ಲಿ ನುಡಿಸಿ, ಆ ವೇಗಕ್ಕೇ ತುಟಿ ಆಡಿಸಬೇಕು; ಆಮೇಲೆ ನಡಿಗೆ ನಿಧಾನವಾದರೂ ತುಟಿ ಹಾಡಿನೊಡನೆ ಕೂಡುತ್ತದೆ. ಇವರಿಗೆ ಅದು ತಿಳಿದಿರಲಿಲ್ಲ. ಆದ್ದರಿಂದ ಆಕೆಯ ಬಾಯಿ, ಹೊರಟುಹೋದ ಬಸ್ಸಿನ ಹಿಂದೆ ಓಡುವವರಂತೆ, ಹಾಡಿನ ಹಿಂದೆ ಓಡುತ್ತದೆ. ಇದು ಕಲಿತರೆ ಹೋಗುವ ತಪ್ಪು. ಇನ್ನೊಂದು ತಪ್ಪು ಅಷ್ಟು ಸಣ್ಣದಲ್ಲ.

ಅದು ಛಾವಣಿಯ ತಪ್ಪು. ಶರೀಫರ ಊರು ಶಿಶುನಾಳ ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನಲ್ಲಿದೆ. ಆ ಸೀಮೆಯಲ್ಲಿ ಮಾಳಿಗೆ ಎಂದರೆ ಇಳಿಜಾರಾದ ಹಂಚಿನ ಮಾಡಲ್ಲ; ಗೋಡೆಯಿಂದ ಗೋಡೆಗೆ ತೊಲೆ ಜಂತಿಗಳನ್ನು ಹಾಸಿ, ಅದರ ಮೇಲೆ ಮಣ್ಣು ಹಾಕಿ ಬಡಿದು ಮಾಡಿದ ಮಟ್ಟಸವಾದ ಛಾವಣಿ. ಹಂಚಿನ ಮನೆ ಸೋರಿದರೆ ಒಡೆದ ಹಂಚೊಂದನ್ನು ಬದಲಾಯಿಸಿ ಸುಮ್ಮನಿರಬಹುದು. ಇಳಿಜಾರು ತಾನಾಗಿ ನೀರನ್ನು ಕೆಳಗೆ ದೂಡುತ್ತದೆ. ಮಣ್ಣಿನ ಮಾಳಿಗೆ ಹಾಗಲ್ಲ. ಬೇಸಗೆಯಲ್ಲಿ ಅದು ಬಿರುಕು ಬಿಡುತ್ತದೆ. ಮಳೆ ಬರುವ ಮುಂಚೆ ಮೇಲೆ ಹತ್ತಿ ನೋಡಬೇಕು, ಮಣ್ಣು ಹಾಕಬೇಕು, ಬಡಿಯಬೇಕು, ಮರುವರ್ಷ ಮತ್ತೆ ಮಾಡಬೇಕು. ಒಳಗಿರುವವನು ಎಚ್ಚರ ತಪ್ಪಿದನೋ ಸೋರಿತು. ಸೋರುವುದಕ್ಕೆ ಅಜ್ಞಾನ ಕಾರಣವೆಂದು ಶರೀಫರು ಹೇಳಿದ ಮಾತಿನ ಬೇರು ಈ ವರ್ಷಾವರ್ಷದ ದುಡಿಮೆಯಲ್ಲಿದೆ. ಮಲೆನಾಡಿನ ಹಂಚನ್ನು ತಂದು ಹೊದಿಸಿದ ಕೂಡಲೇ ಆ ಬೇರು ಕಡಿದುಹೋಯಿತು. ಉಳಿದದ್ದು ಮಳೆಯ ಸೊಬಗು ಮಾತ್ರ.

ತಪ್ಪು ಹುಡುಗರದೊಂದೇ ಅಲ್ಲ. ಕನ್ನಡದ ಹಾಡು ಚಿತ್ರವಾಗಬೇಕಾದರೆ ಘಟ್ಟ ಹತ್ತಬೇಕೆಂಬ ಪಾಠವನ್ನು ನಾವೇ ಕಲಿಸಿದ್ದೇವೆ. ಕನ್ನಡ ಚಿತ್ರಗಳು ಬಹುಪಾಲು ಮದರಾಸಿನ ಸ್ಟುಡಿಯೋಗಳಲ್ಲಿ, ಬಣ್ಣ ಬಳಿದ ಪರದೆಗಳ ಮುಂದೆ ತಯಾರಾಗುತ್ತಿದ್ದ ಕಾಲದಲ್ಲಿ, ಪುಟ್ಟಣ್ಣ ಕಣಗಾಲರು 1967ರಲ್ಲಿ 'ಬೆಳ್ಳಿಮೋಡ'ಕ್ಕಾಗಿ ಬೆಟ್ಟದ ಬಯಲಿಗೆ ಬಂದದ್ದು ಬಿಡುಗಡೆಯೇ ಸರಿ. ಬೇಂದ್ರೆಯವರ 'ಬೆಳಗು' ಆ ಚಿತ್ರದಲ್ಲಿ ಹಾಡಾಯಿತು. ಮೋಡವೂ ಬೆಟ್ಟವೂ ಆ ಕಥೆಗೆ ಸೇರಿದವಾಗಿದ್ದವು. 2006ರಲ್ಲಿ 'ಮುಂಗಾರು ಮಳೆ' ಜೋಗದ ನೀರಿನಲ್ಲಿ ತೊಯ್ದು ಬಂದಾಗಲೂ ಅದಕ್ಕೊಂದು ಕಾರಣವಿತ್ತು. ಆಮೇಲೆ ಕಾರಣ ಬಿಟ್ಟುಹೋಗಿ ಮಳೆ ಮಾತ್ರ ಉಳಿಯಿತು. ಒಂದು ಕಾಲದ ಬಾಗಿಲು ಇನ್ನೊಂದು ಕಾಲಕ್ಕೆ ಗೋಡೆಯಾಗುವುದು ಹೀಗೆ.

ಇತ್ತ ನಮ್ಮ ಬೆಂಗಳೂರಿನ ಪಡುವಣ ಭಾಗವನ್ನು ನೋಡಿ. ರಾಜಾಜಿನಗರದ ಮಗ್ಗುಲಲ್ಲಿ ಕಂಠೀರವ ಸ್ಟುಡಿಯೋ ಇದೆ; ಕೆಂಗೇರಿಯ ಕಡೆ ಹಾಸ್ಯನಟ ಬಾಲಕೃಷ್ಣ ಕಟ್ಟಿದ ಅಭಿಮಾನ್ ಸ್ಟುಡಿಯೋ ಇತ್ತು. ಹಾಡು ತೆಗೆಯಲೆಂದು ಕಟ್ಟಿದ ಜಾಗಗಳು ಇವು. ಇಂದು ಕಂಠೀರವದ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು 2006ರಲ್ಲಿ ರಾಜ್‌ಕುಮಾರ್, 2018ರಲ್ಲಿ ಅಂಬರೀಷ್, 2021ರಲ್ಲಿ ಪುನೀತ್ ಅವರನ್ನು ಕಳಿಸಿಕೊಟ್ಟ ನೆಲವಾಗಿ. ಅಭಿಮಾನ್ ಎಂದರೆ 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದು, 2025ರಲ್ಲಿ ಅವರ ಸಮಾಧಿಯನ್ನೇ ಕೆಡವಿದ ಜಾಗವಾಗಿ. ಇತ್ತ ಮೆಟ್ರೊ ನಿಲ್ದಾಣವೊಂದಕ್ಕೆ 'ಮಹಾಕವಿ ಕುವೆಂಪು ರಸ್ತೆ' ಎಂದು ಹೆಸರಿಟ್ಟಿದ್ದೇವೆ. ಆ ನಿಲ್ದಾಣದಿಂದ ದಿನವೂ ಹತ್ತಿ ಇಳಿಯುವ ಹುಡುಗರಿಗೆ ಕವಿತೆಯೆಂದರೆ ಇನ್ನೂರು ಮೈಲಿ ಆಚೆಯ ಮಂಜು.

ಮೊದಲ ಚಿತ್ರವನ್ನು ನೋಡಿ ನಾನು ಹುಡುಗರಿಗೆ ಹೇಳಿದ್ದು ಇಷ್ಟೇ: "ನಿಮ್ಮಲ್ಲಿ ಯಾರ ಮನೆಯೂ ಸೋರುವುದಿಲ್ಲವೇ?" ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅಂಕಲ್, ನಮ್ಮಜ್ಜಿ ಮನೆ ಸೋರುತ್ತೆ" ಎಂದ ನೆರೆಯ ಹುಡುಗ. "ಆದರೆ ಅದನ್ನ ಮುಂದಿನ ತಿಂಗಳು ಒಡೆಯುತ್ತಾರೆ."

ಕೈಗಾರಿಕಾ ವಸಾಹತಿಗೆ ಸಮೀಪದಲ್ಲಿ, ಕಾರ್ಖಾನೆಯ ಕೆಲಸಗಾರರೊಬ್ಬರು ಅರ್ಧ ಶತಮಾನಕ್ಕೂ ಹಿಂದೆ ಕಟ್ಟಿಸಿದ ಮನೆ ಅದು. ಎರಡು ಕಡೆಗಳಲ್ಲೂ ನಾಲ್ಕಂತಸ್ತಿನ ಬಾಡಿಗೆ ಮನೆಗಳು ಎದ್ದು ನಿಂತಿವೆ. ತಾರಸಿ ಮಟ್ಟಸ, ಅಲ್ಲಲ್ಲಿ ಟಾರಿನ ತೇಪೆ. ರಾಜಾಜಿನಗರ, ಬಸವೇಶ್ವರನಗರಗಳ ಹಳೆಯ ಮನೆಗಳವರಿಗೆ ಈ ಟಾರಿನ ವಿಷಯ ಹೇಳಿಕೊಡಬೇಕಾಗಿಲ್ಲ. ಪ್ರತಿ ವರ್ಷ ಮೇ ತಿಂಗಳಲ್ಲಿ ಮೇಲೆ ಹತ್ತಿ ಬಿರುಕು ಹುಡುಕುವುದು, ಸಿಮೆಂಟು ಮೆತ್ತಿಸುವುದು, ಈ ವರ್ಷ ಬೇಡ ಮುಂದಿನ ವರ್ಷ ನೋಡೋಣ ಎನ್ನುವುದು. ಶರೀಫರ ಮಾಳಿಗೆಗೆ ಮಲೆನಾಡಿನ ಹಂಚಿಗಿಂತ ನಮ್ಮ ಬಡಾವಣೆಯ ಈ ತಾರಸಿಯೇ ಹತ್ತಿರದ ನೆಂಟ. ಇದನ್ನು ಕಂಡುಕೊಂಡ ಗಳಿಗೆಯಲ್ಲಿ ಎರಡನೆಯ ಚಿತ್ರದ ಯೋಜನೆ ಮುಕ್ಕಾಲು ಮುಗಿಯಿತೆನ್ನಬೇಕು.

ಮೊದಲ ಸಲ ಯೋಜನೆಯೆಂದರೆ ಕಾರು, ಊಟ, ವಸತಿ, ಲೆನ್ಸುಗಳ ಪಟ್ಟಿಯಾಗಿತ್ತು. ಈ ಸಲ ಐವರೂ ಆ ಮನೆಯ ನಡುಮನೆಯಲ್ಲಿ ಕೂತು ಹಾಡನ್ನು ಮತ್ತೆ ಮತ್ತೆ ಕೇಳಿ, ಎಲ್ಲಿ ಧ್ವನಿ ಸುಮ್ಮನಾಗುತ್ತದೆ ಎಂಬುದನ್ನು ಮಾತ್ರ ಬರೆದುಕೊಂಡರಂತೆ. ಮೊದಲನೆಯದರಲ್ಲಿ ಎಪ್ಪತ್ತಕ್ಕೂ ಮಿಕ್ಕಿ ತುಣುಕುಗಳಿದ್ದವು, ಇದರಲ್ಲಿ ಹದಿನಾಲ್ಕು. ತೊಂದರೆ ಬಂದದ್ದು ಬೆಳಕಿನದು. ಗೋಡೆಗೆ ಗೋಡೆ ತಾಗಿದ ಓಣಿಯಲ್ಲಿ ಆ ಮನೆಗೆ ನೇರವಾದ ಬಿಸಿಲು ದಿನಕ್ಕೆ ಕಾಲು ಗಂಟೆ ಸಿಕ್ಕಿದರೆ ಹೆಚ್ಚು. ದೀಪ ಬಾಡಿಗೆಗೆ ತರಲು ಹಣವಿಲ್ಲ.

ಆಗ ನಾನು ಅವರಿಗೆ ವಿ. ಕೆ. ಮೂರ್ತಿಯವರ ಸುದ್ದಿ ಹೇಳಿದೆ. ಮೈಸೂರಿನ ಮೂರ್ತಿ ಛಾಯಾಗ್ರಹಣ ಕಲಿತದ್ದು ಈ ಬೆಂಗಳೂರಿನಲ್ಲೇ, ಇಂದು ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ ಎನಿಸಿರುವ ಸಂಸ್ಥೆಯಲ್ಲಿ. ಡಿಪ್ಲೊಮಾ ಪಡೆದದ್ದು 1946ರಲ್ಲಿ. ಪಿಟೀಲು ನುಡಿಸಬಲ್ಲವರು; ಹಾಡಿನ ಚಿತ್ರ ತೆಗೆಯುವವನಿಗೆ ಅದು ಸಣ್ಣ ಬಂಡವಾಳವಲ್ಲ. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದಲ್ಲಿ ಬರಿದಾದ ಸ್ಟುಡಿಯೋದೊಳಗೆ ನಡೆಯುವ ಹಾಡಿಗೆ ಅವರು ಹೊರಗಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹಾಯಿಸಿ, ಮೇಲಿನಿಂದ ಒಂದು ಬೆಳಕಿನ ಕಂಬವನ್ನೇ ಇಳಿಸಿದರು. ಗೀತಾ ದತ್ತರ ಕಂಠ ಹಾಡುತ್ತದೆ. ತೆರೆಯ ಮೇಲಿನ ಇಬ್ಬರೂ ದೂರ ದೂರ ನಿಂತಿರುತ್ತಾರೆ, ತುಟಿ ಅಲುಗುವುದಿಲ್ಲ. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂದಾಗ ಮೂರ್ತಿಯವರ ಹೆಸರು ಪತ್ರಿಕೆಗಳಲ್ಲಿ ಮಿಂಚಿತು. ಅವರು 2014ರಲ್ಲಿ ಈ ಊರಿನಲ್ಲೇ ತೀರಿಕೊಂಡರು. ನಮ್ಮ ಹುಡುಗರಲ್ಲಿ ಒಬ್ಬರೂ ಅವರ ಹೆಸರು ಕೇಳಿರಲಿಲ್ಲ.

ಮಾರನೆಯ ದಿನ ಅಜ್ಜಿಯ ಬೀರುವಿನ ಬಾಗಿಲ ಕನ್ನಡಿ ಎದುರು ಮನೆಯ ತಾರಸಿ ಏರಿತು. ಇನ್ನೊಂದು ಕನ್ನಡಿ ಕಿಟಕಿಯ ಬಳಿ. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಅಂಶದಷ್ಟು ಸರಿಯುತ್ತಾನೆ. ಓಣಿ ದಾಟಿ ಬರುವಷ್ಟರಲ್ಲಿ ಆ ಒಂದು ಅಂಶವೇ ಬಿಸಿಲಿನ ತುಂಡನ್ನು ಕಿಟಕಿಯಿಂದ ಪಕ್ಕದ ಗೋಡೆಗೆ ಎಳೆದೊಯ್ಯುತ್ತದೆ. ಮೇಲೆ ಒಬ್ಬ ಕನ್ನಡಿ ತಿರುಗಿಸುತ್ತ, ಕೆಳಗೆ ಒಬ್ಬ "ಎಡಕ್ಕೆ ಕಣೋ, ಇನ್ನೂ ಸ್ವಲ್ಪ" ಎಂದು ಕೂಗುತ್ತ, ಓಣಿಯ ಜನರೆಲ್ಲ ಸಲಹೆ ಕೊಡುತ್ತ ಎರಡು ಬೆಳಗು ಕಳೆದವು.

ಫಲ ನೋಡತಕ್ಕದ್ದು. ಖಾಲಿಯಾಗುತ್ತಿರುವ ನಡುಮನೆ. ಪಟಗಳನ್ನು ತೆಗೆದ ಕಡೆ ಗೋಡೆಯ ಸುಣ್ಣ ಹೊಸದಾಗಿ ಬೆಳ್ಳಗಿದೆ. ಹಾಡು ಶುರುವಾಗುವ ಮುನ್ನ ದೂರದಲ್ಲಿ ಒಂದು ಲೇತು ಯಂತ್ರದ ಸದ್ದು. ಅದನ್ನು ಅಳಿಸದೆ ಬಿಟ್ಟಿದ್ದಾರೆ, ದಮ್ಮಡಿ ಅದರೊಳಗಿಂದಲೇ ಹುಟ್ಟಿ ಬಂದಂತಿದೆ. ನೆಲದ ನಡುವೆ, ತಾರಸಿಯ ಕಲೆಯ ನೇರಕ್ಕೆ, ಒಂದು ಹಿತ್ತಾಳೆಯ ತಪ್ಪಲೆ. ಮಳೆಗಾಲದಲ್ಲಿ ಅಜ್ಜಿ ಇಡುತ್ತಿದ್ದ ಜಾಗವೇ ಅದು. ಕನ್ನಡಿಯ ಬಿಸಿಲು ಗೋಡೆಯಿಂದ ಇಳಿದು ಬಂದು ತಪ್ಪಲೆಯ ಕಂಠವನ್ನು ಮುಟ್ಟುತ್ತದೆ, ನಡುಗುತ್ತದೆ. ಮೇಲಿದ್ದವನ ಕೈ ನಡುಗಿದ್ದು, ಪುಣ್ಯಕ್ಕೆ. ತಪ್ಪಲೆ ಒಣಗಿದೆ. ಇಡೀ ಚಿತ್ರದಲ್ಲಿ ನೀರಿನ ಒಂದು ಹನಿಯಿಲ್ಲ, ಯಾರ ತುಟಿಯೂ ಅಲುಗುವುದಿಲ್ಲ. ಸೋರುವುದನ್ನೆಲ್ಲ ಹಾಡು ನೋಡಿಕೊಳ್ಳುತ್ತದೆ.

ಆದರೂ ಎರಡು ಆಕ್ಷೇಪಗಳನ್ನು ಹೇಳದೆ ಇರಲಾರೆ. ಕೊನೆಯಲ್ಲಿ ಗೆಳೆಯನೊಬ್ಬನ ಡ್ರೋನ್ ಸಿಕ್ಕಿತೆಂದು ಮೇಲೆ ಹಾರಿ ಬಡಾವಣೆಯನ್ನೆಲ್ಲ ತೋರಿಸಿದ್ದಾರೆ. ಅದಕ್ಕೆ ಅನುಮತಿ ಪಡೆದಿದ್ದರೋ ಇಲ್ಲವೋ ಅವರನ್ನೇ ಕೇಳಬೇಕು. ಹಾಡಿನ ಅನುಮತಿ ಇಲ್ಲವೆಂಬುದನ್ನು ನಾನೇ ಹೇಳಬಲ್ಲೆ. ಹಾಡು ಮನೆಯೊಳಗೆ ಕೂತಿರುವಾಗ ಕಣ್ಣು ಹದ್ದಾಗಿ ಹಾರಿದರೆ ಇಬ್ಬರಿಗೂ ನಷ್ಟ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು. ಚಿತ್ರ ಮುಗಿಯುವ ಹೊತ್ತಿಗೆ ಅದು ಒಡೆದುಹೋಗಲಿರುವ ಮನೆಗಾಗಿ ಮರುಗುವ ಚಿತ್ರವಾಗುತ್ತದೆ. ಶರೀಫರು ಮನೆಗಾಗಿ ಮರುಗಿದವರಲ್ಲ. ಅವರ ಪದದ ಮನೆ ಹೇಗೂ ಬಿಟ್ಟು ಹೋಗತಕ್ಕ ಮನೆ. ಅವರು ಬೈಯುವುದು ಇರುವಷ್ಟು ದಿನ ಮೇಲೆ ಹತ್ತಿ ನೋಡದವನನ್ನು. ಹುಡುಗರು ತೆಗೆದದ್ದರಲ್ಲಿಯೇ ಇದಕ್ಕೆ ಮದ್ದಿತ್ತು. ಸಾಮಾನು ಕಟ್ಟುತ್ತಿದ್ದ ಅಜ್ಜಿ ತಾರಸಿಯ ಕಲೆಯನ್ನು ತಲೆಯೆತ್ತಿ ನೋಡಿ ಫಕ್ಕನೆ ನಕ್ಕ ಒಂದು ತುಣುಕು ನಾನು ಕಂಡಿದ್ದೆ. ಭಾವ ಕೆಡುತ್ತದೆಂದು ಅದನ್ನು ಕತ್ತರಿಸಿ ಹಾಕಿದ್ದಾರೆ. ಆ ನಗು ಇದ್ದಿದ್ದರೆ ಪದ ಪೂರ್ತಿಯಾಗಿ ಶರೀಫರದಾಗುತ್ತಿತ್ತು.

ಮನೆ ಈಗ ಇಲ್ಲ. ಅಜ್ಜಿ ಬಸವೇಶ್ವರನಗರದಲ್ಲಿ ಮಗಳ ಮನೆಗೆ ಹೋಗಿದ್ದಾರೆ. ಹುಡುಗರು ಅಲ್ಲಿಗೆ ಹೋಗಿ ಚಿತ್ರ ತೋರಿಸಿದಾಗ ನಾನೂ ಜೊತೆಗಿದ್ದೆ. ಫೋನನ್ನು ಕಣ್ಣಿನ ಹತ್ತಿರ ಹಿಡಿದು, ನಡುವೆ ಮಾತಾಡದೆ, ಎರಡು ಸಲ ನೋಡಿದರು. ಆಮೇಲೆ ಮೊಮ್ಮಗನ ಕಡೆ ತಿರುಗಿ ಕೇಳಿದರು:

"ಎಲ್ಲಾ ಸರಿ ಕಣೋ, ಆ ತಪ್ಪಲೆ ಎಲ್ಲಿ ಹಾಕಿದ್ರಿ?"