ಮಗು ಹೇಳಿದ ಕತೆ, ತರಗತಿ ಆಡಿದ ಕತೆ

ಷಿಕಾಗೊ ವಿಶ್ವವಿದ್ಯಾಲಯದ ಲ್ಯಾಬೊರೇಟರಿ ಶಾಲೆಯಲ್ಲಿ ಶಿಶುವಿಹಾರದ ಶಿಕ್ಷಕಿಯಾಗಿದ್ದ ವಿವಿಯನ್ ಪೇಲಿ (1929–2019) ಅವರು ರೂಪಿಸಿದ ಕಥನಾಭಿನಯ ಪದ್ಧತಿ, ಅಂದರೆ ಮಗು ಹೇಳಿದ ಕತೆಯನ್ನು ಬರೆದುಕೊಂಡು ಅದೇ ದಿನ ಸಹಪಾಠಿಗಳೆಲ್ಲ ಸೇರಿ ಆಡಿ ತೋರಿಸುವ ಕ್ರಮ, ಮೇಲ್ನೋಟಕ್ಕೆ ತೀರ ಸರಳವಾಗಿ ಕಂಡರೂ ಅಪೂರ್ವ ಕೌಶಲವನ್ನು ಬೇಡುವಂಥದು. ಮಗುವಿನ ಪಕ್ಕದಲ್ಲಿ ಕುಳಿತ ಶಿಕ್ಷಕಿ ಅದರ ಪ್ರತಿಯೊಂದು ಮಾತನ್ನೂ ಗಟ್ಟಿಯಾಗಿ ಮರುನುಡಿಯುತ್ತ, ವ್ಯಾಕರಣವನ್ನು ತಿದ್ದದೆ, ತನ್ನದೊಂದು ಪದವನ್ನೂ ಸೇರಿಸದೆ ಬರೆದುಕೊಳ್ಳುತ್ತಾರೆ. ಲೇಖನಿ ಹಿಂದೆ ಬಿದ್ದಾಗ ಮಗುವೂ ತಡೆದು, ತನ್ನ ಮಾತು ಅಕ್ಷರವಾಗುವುದನ್ನು ನೋಡುತ್ತ, ಮುಂದಿನ ವಾಕ್ಯವನ್ನು ಹುಡುಕಿಕೊಳ್ಳುತ್ತದೆ. ಈ ಬಿಡುವೇ ಪದ್ಧತಿಯ ಜೀವಾಳ. ಕತೆ ಸಾಮಾನ್ಯವಾಗಿ ಒಂದು ಪುಟ ಮೀರದು. ಎರಡು ವರ್ಷದ ಮಗುವಿನದು ಒಂದೇ ಪದದ್ದಾಗಿರಬಹುದು, ಅದಕ್ಕೂ ರಂಗದಲ್ಲಿ ಪೂರ್ಣ ಗೌರವವುಂಟು.

ಬರೆದಾದ ಮೇಲೆ ಯಾವ ಪಾತ್ರ ತನಗೆ ಬೇಕೆಂಬುದನ್ನು ಕತೆಗಾರ ಮಗುವೇ ಆರಿಸಿಕೊಳ್ಳುತ್ತದೆ. ವೇಷವಿಲ್ಲ, ಪರದೆಯಿಲ್ಲ, ಸುತ್ತ ಕುಳಿತ ಮಕ್ಕಳ ನಡುವಿನ ನೆಲವೇ ರಂಗ. ಶಿಕ್ಷಕಿ ನಿಧಾನವಾಗಿ ಓದುತ್ತಿದ್ದಂತೆ ಒಬ್ಬಳ ತೋಳು ರೆಕ್ಕೆಯಾಗುತ್ತದೆ, ಇನ್ನೊಬ್ಬ ಬೆನ್ನು ಬಾಗಿಸಿ ಸಿಂಹವಾಗುತ್ತಾನೆ, ಸಿಂಹ ಗರ್ಜಿಸಿ ಮುಗಿಸುವವರೆಗೆ ಓದು ಕಾಯುತ್ತದೆ. ಆ ಕಾಯುವಿಕೆಯ ಹದ ತಿಳಿದವರು ಯಕ್ಷಗಾನದ ನುರಿತ ಭಾಗವತರಿಗೆ ಕಡಿಮೆಯಲ್ಲ.

1990ರಲ್ಲಿ ಪ್ರಕಟವಾದ ಪೇಲಿಯವರ ಪ್ರಸಿದ್ಧ ಕೃತಿಯಲ್ಲಿ, ತಾನು ಹೆಲಿಕಾಪ್ಟರೇ ಎಂದುಕೊಂಡು ಯಾರೊಡನೆಯೂ ಬೆರೆಯದ ಹುಡುಗನೊಬ್ಬನಿದ್ದಾನೆ. ಅವನ ಕೈಯಲ್ಲಿದ್ದ ಆಟಿಕೆ ಹೆಲಿಕಾಪ್ಟರನ್ನು ಕಿತ್ತುಕೊಳ್ಳದೆ, ಇತರರ ಕತೆಗಳಲ್ಲಿ ಅದಕ್ಕೆ ಮೆಲ್ಲಮೆಲ್ಲನೆ ಜಾಗ ದೊರೆಯುವಂತಾದ ಬಗೆಯನ್ನು ಅವರು ಅಪಾರ ತಾಳ್ಮೆಯಿಂದ ದಾಖಲಿಸಿದ್ದಾರೆ.