ವೈದ್ಯಕೀಯ ಸಂಶೋಧನೆಯಲ್ಲಿ ಗಣಕವಿಜ್ಞಾನಿ: ‘ಮೈಸಿನ್’ ಪ್ರಯೋಗದ ವಿಮರ್ಶೆ

ವೈದ್ಯಕೀಯ ಸಂಶೋಧನೆಯಲ್ಲಿ ತೊಡಗಿರುವ ಗಣಕವಿಜ್ಞಾನಿಯನ್ನು ಕುರಿತು ವಿದ್ವತ್ಸಮಾಜದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ವೈದ್ಯರು ಕೂಡಿಟ್ಟ ಅಂಕಿ ಅಂಶಗಳನ್ನು ಅವರು ಹೇಳಿದಂತೆ ಗಣಿಸಿಕೊಡುವ ಸಹಾಯಕನು ಅವನೆಂಬುದು ಒಂದು. ವೈದ್ಯನ ಸ್ಥಾನವನ್ನೇ ತುಂಬಬಲ್ಲ ಯಂತ್ರವನ್ನು ನಿರ್ಮಿಸುವವನೆಂಬುದು ಇನ್ನೊಂದು. ಇವೆರಡೂ ಅಸಮರ್ಪಕವೆಂಬುದು ನಮ್ಮ ಮತ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ 1970ರ ದಶಕದಲ್ಲಿ ನಡೆದ ‘ಮೈಸಿನ್’ ಪ್ರಯೋಗದ ಮೂಲಕ ಈ ಮತವನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ನಮಗೆ ಮುಖ್ಯ ಆಧಾರಗಳು ಎರಡು: ಎಡ್ವರ್ಡ್ ಶಾರ್ಟ್‌ಲಿಫ್ 1976ರಲ್ಲಿ ಪ್ರಕಟಿಸಿದ ‘ಕಂಪ್ಯೂಟರ್ ಬೇಸ್ಡ್ ಮೆಡಿಕಲ್ ಕನ್ಸಲ್ಟೇಷನ್ಸ್: ಮೈಸಿನ್’ ಎಂಬ ಗ್ರಂಥ, ಬ್ರೂಸ್ ಬ್ಯೂಕ್ಯಾನನ್ ಅವರೂ ಶಾರ್ಟ್‌ಲಿಫ್ ಅವರೂ 1984ರಲ್ಲಿ ಸಂಪಾದಿಸಿದ ‘ರೂಲ್ ಬೇಸ್ಡ್ ಎಕ್ಸ್‌ಪರ್ಟ್ ಸಿಸ್ಟಮ್ಸ್’ ಎಂಬ ಲೇಖನ ಸಂಗ್ರಹ.

ಸ್ಟ್ರೆಪ್ಟೊಮೈಸಿನ್, ಎರಿತ್ರೊಮೈಸಿನ್ ಮೊದಲಾದ ಔಷಧಗಳ ಹೆಸರಿನ ಕೊನೆಯ ಭಾಗವೇ ಈ ಕಾರ್ಯಕ್ರಮಕ್ಕೆ ಹೆಸರಾಯಿತು. ರಕ್ತದಲ್ಲಿ ಸೋಂಕು ಉಂಟಾದಾಗ, ರೋಗಾಣು ಯಾವುದೆಂಬುದು ಪೂರ್ಣವಾಗಿ ನಿರ್ಣಯವಾಗುವ ಮುನ್ನವೇ ವೈದ್ಯನು ಔಷಧವನ್ನು ಆರಿಸಬೇಕಾಗುತ್ತದೆ. ಈ ಸಂದರ್ಭದಲ್ಲಿ ತಜ್ಞನಂತೆ ಸಲಹೆ ನೀಡುವುದು ಇದರ ಕೆಲಸ. ಮುಂದೆ ಮಿದುಳುಪೊರೆಯ ಉರಿಯೂತಕ್ಕೂ ಇದನ್ನು ವಿಸ್ತರಿಸಲಾಯಿತು. ತಜ್ಞರ ಅರಿವನ್ನು ‘ಹೀಗಿದ್ದರೆ ಹೀಗೆ’ ಎಂಬ ರೂಪದ ನೂರಾರು ಸೂತ್ರಗಳಾಗಿ ಒಡೆದು, ಪ್ರತಿಯೊಂದಕ್ಕೂ ನಂಬಿಕೆಯ ಒಂದು ಪ್ರಮಾಣವನ್ನು ಸಂಖ್ಯೆಯಲ್ಲಿ ಸೂಚಿಸಲಾಗಿತ್ತು. ಆಗ ಶಾರ್ಟ್‌ಲಿಫ್ ವೈದ್ಯವಿದ್ಯಾರ್ಥಿ. ಬ್ಯೂಕ್ಯಾನನ್ ತತ್ತ್ವಶಾಸ್ತ್ರದಲ್ಲಿ ಪದವಿ ಪಡೆದು ಗಣಕವಿಜ್ಞಾನಕ್ಕೆ ಬಂದವರು. ಸ್ಟ್ಯಾನ್ಲಿ ಕೋಹೆನ್ ಔಷಧಶಾಸ್ತ್ರಜ್ಞರಾದ ವೈದ್ಯರು. ಒಬ್ಬನ ಶಾಸ್ತ್ರದಿಂದ ಈ ಕೆಲಸ ಸಾಧ್ಯವಿರಲಿಲ್ಲವೆಂಬುದು ಇದರಿಂದಲೇ ಸ್ಪಷ್ಟವಾಗುತ್ತದೆ.

ಈ ಪ್ರಯೋಗದ ಹಿರಿಮೆಯನ್ನು ಸಾಮಾನ್ಯವಾಗಿ 1979ರಲ್ಲಿ ಪ್ರಕಟವಾದ ಪರೀಕ್ಷೆಯಿಂದ ಅಳೆಯುವುದುಂಟು. ಅದರಲ್ಲಿ ಮಿದುಳುಪೊರೆಯ ಉರಿಯೂತದ ಹತ್ತು ರೋಗಿಗಳಿಗೆ ಯಂತ್ರವೂ ವೈದ್ಯರೂ ಸೂಚಿಸಿದ ಚಿಕಿತ್ಸೆಗಳನ್ನು, ಯಾವುದು ಯಾರದೆಂದು ತಿಳಿಸದೆ, ಎಂಟು ಮಂದಿ ತಜ್ಞರ ಮುಂದಿಡಲಾಯಿತು. ಮೈಸಿನ್ನಿನ ಸಲಹೆಗಳಿಗೆ ನೂರಕ್ಕೆ 65ರಷ್ಟು ಒಪ್ಪಿಗೆ ದೊರೆಯಿತು. ಸ್ಟ್ಯಾನ್‌ಫರ್ಡಿನ ಐವರು ಅಧ್ಯಾಪಕ ತಜ್ಞರಿಗೆ ದೊರೆತದ್ದು 42.5ರಿಂದ 62.5ರವರೆಗೆ. ಯಂತ್ರವು ಗೆದ್ದಿತೆಂದು ಹಲವರು ಬರೆದರು. ನಮಗೆ ಮುಖ್ಯವಾಗಿ ತೋರುವುದು ಬೇರೆ. ಅತ್ಯುತ್ತಮವೆನಿಸಿದ ಸಲಹೆಯೂ ಮೂರರಲ್ಲಿ ಒಂದು ಸಲ ತಿರಸ್ಕೃತವಾಯಿತು; ಅಂದಮೇಲೆ ತಜ್ಞರಲ್ಲಿಯೇ ಏಕಾಭಿಪ್ರಾಯವಿಲ್ಲ. ವೈದ್ಯಶಾಸ್ತ್ರದ ಒಳಗೇ ಅಡಗಿದ್ದ ಈ ಭಿನ್ನಮತವನ್ನು ಸಂಖ್ಯೆಯಲ್ಲಿ ಕಾಣುವಂತೆ ಮಾಡಿದ್ದು ಗಣಕವಿಜ್ಞಾನಿಯು ವೈದ್ಯಶಾಸ್ತ್ರಕ್ಕೆ ಸಲ್ಲಿಸಿದ ಮೊದಲ ಸೇವೆಯೆನ್ನಬಹುದು.

ಎರಡನೆಯ ಸೇವೆ ಇನ್ನೂ ದೊಡ್ಡದು. ‘ಈ ಪ್ರಶ್ನೆಯನ್ನು ಏಕೆ ಕೇಳುತ್ತೀ?’, ‘ಈ ನಿರ್ಣಯಕ್ಕೆ ಹೇಗೆ ಬಂದೆ?’ ಎಂದು ವೈದ್ಯನು ಕೇಳಿದರೆ ಮೈಸಿನ್ ತಾನು ಬಳಸಿದ ಸೂತ್ರವನ್ನು ಎತ್ತಿ ತೋರಿಸುತ್ತಿತ್ತು. ಕಾರಣ ಹೇಳದ ಸಲಹೆಯನ್ನು ವೈದ್ಯನು ಸ್ವೀಕರಿಸಲಾರನು, ಸ್ವೀಕರಿಸಲೂ ಬಾರದು ಎಂಬ ವಿವೇಕ ಶಾರ್ಟ್‌ಲಿಫ್ ಅವರ ಗ್ರಂಥದ ಉದ್ದಕ್ಕೂ ಕಾಣುತ್ತದೆ.

ಆದರೆ ಆ ಕಾರಣಗಳು ಎಷ್ಟು ಆಳವಾಗಿದ್ದವು? ಅದೇ ವಿಶ್ವವಿದ್ಯಾನಿಲಯದ ವಿಲಿಯಂ ಕ್ಲ್ಯಾನ್ಸಿ ಈ ಸೂತ್ರಗಳಿಂದಲೇ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಹೊರಟಾಗ ಕೊರತೆ ಬಯಲಾಯಿತು. ಅದನ್ನು ಅವರು 1983ರ ಪ್ರಬಂಧದಲ್ಲಿ ವಿವೇಚಿಸಿದ್ದಾರೆ. ಎಂಟು ವರ್ಷಕ್ಕಿಂತ ಚಿಕ್ಕ ಮಗುವಿಗೆ ಟೆಟ್ರಾಸೈಕ್ಲಿನ್ ಕೊಡಬಾರದೆಂದು ಒಂದು ಸೂತ್ರವಿದೆ. ಆ ಔಷಧವು ಬೆಳೆಯುತ್ತಿರುವ ಮೂಳೆಯಲ್ಲಿಯೂ ಹಲ್ಲಿನಲ್ಲಿಯೂ ಸೇರಿ ಹಲ್ಲಿನ ಬಣ್ಣ ಕೆಡಿಸುತ್ತದೆಂಬ ಕಾರಣ ಸೂತ್ರದಲ್ಲಿ ಎಲ್ಲಿಯೂ ಇಲ್ಲ. ಯಂತ್ರವು ವಿಧಿಯನ್ನು ಬಲ್ಲುದು, ವಿಧಿಯ ಹಿನ್ನೆಲೆಯನ್ನು ಅರಿಯದು. ಹಿನ್ನೆಲೆಯನ್ನರಿಯದವನಿಗೆ ವಿಧಿಯನ್ನು ಎಂದು ಮೀರಬಹುದೆಂಬುದೂ ತಿಳಿಯದು. ನಂಬಿಕೆಯ ಪ್ರಮಾಣಗಳೂ ಆಕ್ಷೇಪಕ್ಕೆ ಹೊರತಾಗಲಿಲ್ಲ: ಅವುಗಳಲ್ಲಿ ಹೇಳದೆ ಉಳಿದ ಊಹೆಗಳಿವೆಯೆಂದೂ ಆ ಊಹೆಗಳು ಎಲ್ಲ ಕಡೆ ಸಲ್ಲುವುದಿಲ್ಲವೆಂದೂ ಆಡಮ್ಸ್ 1976ರಲ್ಲಿಯೇ ತೋರಿಸಿದರು.

ಮೈಸಿನ್ ಆಸ್ಪತ್ರೆಯಲ್ಲಿ ನಿತ್ಯದ ಬಳಕೆಗೆ ಬರಲೇ ಇಲ್ಲ. ರೋಗಿಯ ವಿವರಗಳನ್ನೆಲ್ಲ ವೈದ್ಯನು ಪ್ರಶ್ನೆಗೊಂದರಂತೆ ತಾನೇ ಬೆರಳಚ್ಚಿಸಬೇಕಾಗಿತ್ತು; ಅಷ್ಟು ಬಿಡುವು ವಾರ್ಡಿನಲ್ಲಿ ಯಾರಿಗೂ ಇಲ್ಲ. ಹಾಗಾದರೆ ಈ ಶ್ರಮ ವ್ಯರ್ಥವೇ? ವಿಶ್ವವಿದ್ಯಾನಿಲಯದ ಸಂಶೋಧನೆಯನ್ನು ಬಳಕೆಯೊಂದರಿಂದಲೇ ಅಳೆಯುವವರು ಹೌದೆನ್ನುವರು. ನಾವು ಇದನ್ನು ಒಪ್ಪಲಾರೆವು. 1984ರ ಸಂಪುಟದಲ್ಲಿ ಸಾಧನೆಯ ಜೊತೆಗೆ ಕೊರತೆಯನ್ನೂ ಮುಚ್ಚಿಡದೆ ಚರ್ಚಿಸಲಾಗಿದೆ. ಮುಂದಿನವರು ಕಲಿಯಬಲ್ಲ ರೀತಿಯಲ್ಲಿ ಬರೆದಿಟ್ಟ ಸೋಲೂ ಶಾಸ್ತ್ರದ ಆಸ್ತಿಯೇ.

ಆ ಪಾಠ ಇಂದು ಹೆಚ್ಚು ಅವಶ್ಯಕ. ಇಂದಿನ ಯಂತ್ರಗಳು ತಜ್ಞರ ಸೂತ್ರಗಳನ್ನು ಕಾಯದೆ ರೋಗಿಗಳ ದಾಖಲೆಗಳಿಂದ ತಾವೇ ಕಲಿಯುತ್ತವೆ. ನ್ಯುಮೋನಿಯಾ ರೋಗಿಗಳನ್ನು ಕುರಿತು 1990ರ ದಶಕದಲ್ಲಿ ನಡೆದ ಅಧ್ಯಯನವೊಂದನ್ನು ರಿಚ್ ಕರುವಾನಾ ಮತ್ತು ಸಂಗಡಿಗರು 2015ರಲ್ಲಿ ಸ್ಮರಿಸಿದ್ದಾರೆ. ಆಸ್ತಮಾ ಇರುವವರಿಗೆ ಸಾವಿನ ಭಯ ಕಡಿಮೆಯೆಂದು ಅಲ್ಲಿ ಯಂತ್ರವು ಕಲಿತಿತ್ತು! ಅಂಥವರನ್ನು ಕೂಡಲೇ ತೀವ್ರನಿಗಾ ಘಟಕಕ್ಕೆ ಸೇರಿಸುತ್ತಿದ್ದುದರಿಂದ ಅವರು ಬದುಕುತ್ತಿದ್ದರು. ದಾಖಲೆಯಲ್ಲಿ ಫಲ ಮಾತ್ರ ಉಳಿದಿತ್ತು. ಓದಬಲ್ಲ ಸೂತ್ರವಾಗಿ ಹೊರಬಂದುದರಿಂದ ಈ ಪ್ರಮಾದ ಕಣ್ಣಿಗೆ ಬಿತ್ತು. ಕಾಣದೆ ಉಳಿದಿದ್ದರೆ ಅದರ ಬೆಲೆಯನ್ನು ತೆರಬೇಕಾದವನು ರೋಗಿ.

ಆದುದರಿಂದ ಗಣಕವಿಜ್ಞಾನಿಯು ವೈದ್ಯನ ಲೆಕ್ಕಿಗನೂ ಅಲ್ಲ, ಪ್ರತಿಸ್ಪರ್ಧಿಯೂ ಅಲ್ಲ. ವೈದ್ಯನು ಹೇಳದೆ ಬಿಟ್ಟುದನ್ನು ಹೇಳುವಂತೆ ಕೇಳುವ ಸಹಾಧ್ಯಾಯಿ. ಹಾಗೆ ಕೇಳಬೇಕಾದರೆ ಅವನಿಗೆ ವಾರ್ಡಿನ ಪರಿಚಯವೂ ವೈದ್ಯನಿಗೆ ಗಣಕದ ಪರಿಚಯವೂ ತಕ್ಕಮಟ್ಟಿಗೆ ಇರಬೇಕು. ಈ ಕ್ಷೇತ್ರಕ್ಕೆ ಕಾಲಿಡುವ ವಿದ್ಯಾರ್ಥಿಗಳು ಮೇಲಿನ ಎರಡು ಗ್ರಂಥಗಳನ್ನು ಓದುವಾಗ, ಆ ಯಂತ್ರದ ಉತ್ತರಗಳಿಗಿಂತ ಅದಕ್ಕೆ ಹಾಕಿದ ಪ್ರಶ್ನೆಗಳ ಕಡೆಗೆ ಹೆಚ್ಚು ಗಮನ ಕೊಡುವುದು ಲೇಸೆಂದು ನಾವು ಭಾವಿಸುತ್ತೇವೆ.