ಹಳೆಯ ಕೋವಿಯನ್ನು ನೋಡುವ ಬಗೆ

ಮುಂಬೈನ ಜೋಗೇಶ್ವರಿ ಪಶ್ಚಿಮದಲ್ಲಿ ಓಶಿವಾರಾದ ಹಳೆ ಪೀಠೋಪಕರಣದ ಅಂಗಡಿಗಳಿವೆ. ಅಲ್ಲಿ ಓಡಾಡಿದವರಿಗೆ ಬಳಸಿ ಹಳತಾದ ಮರ ಯಾವುದು, ಬಣ್ಣ ಬಳಿದು ಹಳತು ಮಾಡಿದ ಮರ ಯಾವುದು ಎಂಬುದು ಕೈ ಸವರಿದರೇ ತಿಳಿಯುತ್ತದೆ. ಹಳೆಯ ಕೋವಿಯ ರುಚಿ ಹತ್ತಿಸಿಕೊಳ್ಳಬೇಕೆನ್ನುವವರಿಗೂ ಬೇಕಾದದ್ದು ಅದೇ ಕಣ್ಣು. ಅಪರೂಪದ ಕೋವಿಯ ಬೆಲೆಯೆಲ್ಲ ಅದರ ಮೈಮೇಲೆ ಅಳಿಯದೆ ಉಳಿದ ಚರಿತ್ರೆಯಲ್ಲಿದೆ.

ಮೊದಲು ಕಿಡಿ ನೋಡಿ

ಮದ್ದಿಗೆ ಬೆಂಕಿ ಹೇಗೆ ತಗಲುತ್ತದೆ ಎಂಬುದರಿಂದ ಕೋವಿಯ ಕುಲ ತಿಳಿಯುತ್ತದೆ. ಉರಿಯುವ ಬತ್ತಿಯನ್ನು ಮದ್ದಿಗೆ ತಾಗಿಸುವುದು ಬತ್ತಿಕೋವಿ. ಕುದುರೆ ಎಂಬ ಕೊಕ್ಕೆ ಕಚ್ಚಿಕೊಂಡ ಕಲ್ಲು ಉಕ್ಕಿಗೆ ಬಡಿದು ಕಿಡಿ ಹಾರಿಸುವುದು ಚಕಮಕಿ ಕೋವಿ. 19ನೇ ಶತಮಾನದಲ್ಲಿ, ಬಡಿದಾಗ ಸಿಡಿಯುವ ಕೇಪಿನಿಂದ ಮದ್ದಿಗೆ ಬೆಂಕಿ ತಗಲಿಸುವ ಕೇಪಿನ ಕೋವಿ ಬಂತು. ಮಲೆನಾಡಿನ ಹಿರಿಯರಿಗೆ ಅದರ ಗುರುತು ಚೆನ್ನಾಗಿದೆ. ಆಗ ಎಷ್ಟೋ ಚಕಮಕಿ ಕೋವಿಗಳನ್ನು ಕೇಪಿಗೆ ಮಾರ್ಪಡಿಸಿದರು. ಮದ್ದಿನ ಬಟ್ಟಲು ಕಿತ್ತ ಜಾಗ, ಮುಚ್ಚಿದ ತೂತು ಕಂಡರೆ ಅದು ಎರಡು ಕಾಲ ಬಾಳಿದ ಕೋವಿ.

ಆಮೇಲೆ ನಳಿಗೆ ಓದಿ

ಕನ್ನಡನಾಡಿನ ಕೋವಿಗಳಲ್ಲಿ ಜಗತ್ತಿನ ಸಂಗ್ರಾಹಕರು ಮುಗಿಬೀಳುವುದು ಟಿಪ್ಪುವಿನ ಕಾಲದವಕ್ಕೆ. ಹುಲಿಯ ಮೈಪಟ್ಟೆಯನ್ನು ಹೋಲುವ ‘ಬಬ್ರಿ’ ಗೆರೆಗಳು, ಬೆಳ್ಳಿಯ ಕುಸುರಿ, ತಯಾರಾದ ಊರು, ಮಾಡಿದವನ ಹೆಸರು, ಟಿಪ್ಪು ಜಾರಿಗೆ ತಂದ ಮೌಲೂದಿ ಶಕೆಯ ವರ್ಷ: ಇವು ಅವುಗಳ ಚಹರೆ. ಅಸದ್ ಖಾನ್ ಮುಹಮ್ಮದ್ 1793-94ರಲ್ಲಿ ಟಿಪ್ಪುವಿಗಾಗಿ ಮಾಡಿದ ಬೇಟೆಕೋವಿಯೊಂದು ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್ ಕೈಸೇರಿತ್ತು. 2023ರಲ್ಲಿ ಅದರ ಬೆಲೆ 20 ಲಕ್ಷ ಪೌಂಡ್ ಎಂದು ಕಟ್ಟಿ, ದೇಶ ಬಿಟ್ಟು ಹೋಗದಂತೆ ಬ್ರಿಟನ್ ಸರ್ಕಾರ ತಾತ್ಕಾಲಿಕವಾಗಿ ತಡೆಯಿತು. ಮಾಡಿದವನು ಯಾರು, ಯಾರಿಗಾಗಿ ಮಾಡಿದ, ಆಮೇಲೆ ಯಾರ ಕೈಗೆ ಹೋಯಿತು ಎಂಬ ಮೂರು ಪ್ರಶ್ನೆಗೂ ಅಲ್ಲಿ ಉತ್ತರವಿತ್ತು. ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದರೂ ಬೆಲೆ ಇಳಿಯುತ್ತದೆ.

ಗಾಯವನ್ನು ಮುಚ್ಚಬೇಡಿ

2019ರಲ್ಲಿ ಇಂಗ್ಲೆಂಡಿನ ಬರ್ಕ್‌ಶೈರ್‌ನ ಕುಟುಂಬವೊಂದರ ಮನೆಯ ಅಟ್ಟದಿಂದ ಟಿಪ್ಪುವಿನದೆನ್ನಲಾದ ಆಯುಧಗಳು ಹರಾಜಿಗೆ ಬಂದವು. ಈಸ್ಟ್ ಇಂಡಿಯಾ ಕಂಪನಿಯ ಮೇಜರ್ ಥಾಮಸ್ ಹಾರ್ಟ್ ಅವನ್ನು ಶ್ರೀರಂಗಪಟ್ಟಣದಿಂದ ಒಯ್ದಿದ್ದ. ಅವುಗಳಲ್ಲಿದ್ದ ಬೆಳ್ಳಿ ಕಟ್ಟಿನ ಚಕಮಕಿ ಕೋವಿ, ಬಯೊನೆಟ್ ಸಮೇತ, 60,000 ಪೌಂಡಿಗೆ ಹೋಯಿತು. ಅದರ ಮೈಯಲ್ಲಿ ಗುಂಡೇಟಿನ ಗುರುತಿತ್ತು. ಚೊಕ್ಕ ಮಾಡುವ ಉತ್ಸಾಹದಲ್ಲಿ ಯಾರಾದರೂ ಆ ಗುರುತನ್ನು ಅರಗಿಟ್ಟು ಮುಚ್ಚಿದ್ದರೆ ರಣರಂಗದ ಸಾಕ್ಷಿಯೇ ಹೋಗುತ್ತಿತ್ತು. ಆದ್ದರಿಂದ ಉಕ್ಕಿನ ಕಂದು ಬಣ್ಣವನ್ನು ಉಜ್ಜಬೇಡಿ, ಮರಕ್ಕೆ ವಾರ್ನಿಷ್ ಬಳಿಯಬೇಡಿ. ಸ್ಕ್ರೂಗಳ ತಲೆಯನ್ನು ಭೂತಗನ್ನಡಿಯಲ್ಲಿ ನೋಡಿ: ಗೀರುಗಳ ಅಂಚು ಕಿತ್ತಿದ್ದರೆ ಯಾರೋ ಅವಸರದಲ್ಲಿ ಬಿಚ್ಚಿದ್ದಾರೆ. ಸುತ್ತಲಿನ ಕಬ್ಬಿಣ ಮಾಸಿ, ಒಂದು ತುಣುಕು ಮಾತ್ರ ಫಳಫಳಿಸಿದರೆ ಅದು ಬೇರೆ ಕೋವಿಯದ್ದೋ, ಹೊಸದೋ ಎಂದು ಅನುಮಾನಿಸಿ.

ಕೊಳ್ಳುವ ಮುಂಚೆ ಕಾಯ್ದೆ ತಿಳಿಯಿರಿ

ಗುಂಡು ಹಾರಿಸಬಲ್ಲ, ಇಲ್ಲವೇ ರಿಪೇರಿ ಮಾಡಿದರೆ ಹಾರಿಸಬಲ್ಲ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಬೇಕು. ಹಳತೆಂಬ ಒಂದೇ ಕಾರಣಕ್ಕೆ ವಿನಾಯಿತಿಯಿಲ್ಲ. 100 ವರ್ಷ ದಾಟಿದ್ದು 1972ರ ಪುರಾವಸ್ತು ಕಾಯ್ದೆಯಡಿ ಪುರಾವಸ್ತು; ಖಾಸಗಿಯವರು ಅದನ್ನು ದೇಶದಾಚೆ ಕಳಿಸುವಂತಿಲ್ಲ. ಮಾರುವವನ ಬಳಿ ಕಾಗದಪತ್ರವಿಲ್ಲದಿದ್ದರೆ ಚೌಕಾಸಿಗೂ ಇಳಿಯಬೇಡಿ.

ಎಲ್ಲಿಂದ ಶುರು ಮಾಡುವುದು

ಜೋಗೇಶ್ವರಿಯಿಂದ ಸ್ಲೋ ಲೋಕಲ್ ಹಿಡಿದು ಚರ್ಚ್‌ಗೇಟಿನಲ್ಲಿ ಇಳಿದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ನಡೆದೇ ಹೋಗಬಹುದು. ಅದರ ಆಯುಧ ಸಂಗ್ರಹದಲ್ಲಿ ಅಕ್ಬರನ ಎದೆಗವಚವೂ ಇದೆ. ಲೋಹದ ಮೇಲಿನ ಅಕ್ಷರ, ಕುಸುರಿಗಳಿಗೆ ಕಣ್ಣು ಪಳಗಿಸಲು ಅದು ಒಳ್ಳೆಯ ಪಾಠಶಾಲೆ. ಸೆಪ್ಟೆಂಬರಿನಲ್ಲಿ ಊರಿಗೆ ಹೋಗುವುದಿದ್ದರೆ ಕೊಡಗಿನ ಕೈಲ್‌ಪೊಳ್ದ್ ಹಬ್ಬ ನೋಡಿಬನ್ನಿ. ಅಂದು ಮನೆತನದ ಕೋವಿಗಳಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಅಂಥ ಕೋವಿ ನಿಮ್ಮ ಮನೆಯಲ್ಲೇ ಇದ್ದರೆ ಯಾವ ಅಜ್ಜನಿಗೆ ಅದು ಹೇಗೆ ಬಂತು ಎಂಬುದನ್ನು ಬಲ್ಲವರಿಂದ ಕೇಳಿ, ಇವತ್ತೇ ಬರೆದಿಡಿ. ಹೇಳುವವರು ಹೋದ ಮೇಲೆ ಆ ಕಾಗದವನ್ನು ಯಾವ ಹರಾಜಿನಲ್ಲೂ ಕೊಳ್ಳಲಾಗದು.